ಹಗಲು ಕಥೆಯ ಅತ್ತಿ

ಜೇವರ್ಗಿ ತಾಲೂಕಿನಲ್ಲಿ ಯಾರು ದಾರಿ ತಪ್ಪಿದರೂ ಅದಕ್ಕೆ ನಮ್ಮ ಅತ್ತಿಯೇ ಕಾರಣ! ಇದು ನನ್ನ ಮಾತಲ್ಲ, ಊರಿನ ತೀರ್ಪು. ನೆಲೋಗಿಯಲ್ಲಿ ಇಳಿಯಬೇಕಾದವನು ಬಸ್ಸಿನಲ್ಲಿ ನಿದ್ದೆ ಹೊಡೆದು ಜೇವರ್ಗಿಯಲ್ಲಿ ಕಣ್ಣು ಬಿಟ್ಟರೆ ಅತ್ತಿ ಕಾರಣ. ಮೇಯಲು ಬಿಟ್ಟ ಎಮ್ಮೆ ಪಕ್ಕದೂರಿನ ತೊಗರಿ ಹೊಲ ಹೊಕ್ಕರೂ ಅತ್ತಿಯೇ ಕಾರಣ. ಎಮ್ಮೆಗೂ ಸೋದರಮಾವ ಇರುತ್ತಾನೆಯೇ ಎಂದು ಯಾರೂ ಕೇಳಲಿಲ್ಲ.

ಸೋದರಮಾವನ ಮಾತು ಯಾಕೆ ಬಂತು ಎಂದರೆ, ನಮ್ಮ ಕಡೆ ಒಂದು ನಂಬಿಕೆ ಇದೆ. ಹಗಲು ಹೊತ್ತಿನಲ್ಲಿ ಕಥೆ ಹೇಳಬಾರದು. ಹೇಳಿದರೆ ಕೇಳುವವರ ಸೋದರಮಾವ ದಾರಿ ತಪ್ಪುತ್ತಾನೆ. ಕಥೆ ಏನಿದ್ದರೂ ದೀಪ ಹಚ್ಚಿದ ಮೇಲೆ. ಹಗಲಲ್ಲಿ ಮಕ್ಕಳು ಕಥೆ ಕೇಳಿದರೆ ಮುದುಕಿಯರು ಗದರಿಸುತ್ತಿದ್ದರು: "ಮಾವನ ಮ್ಯಾಲೆ ಯಾಕಲೇ ಸಿಟ್ಟು ನಿನಗ?"

ಅಪ್ಪನ ಅಕ್ಕ, ನನ್ನ ಅತ್ತಿ, ಕಥೆ ಹೇಳುತ್ತಿದ್ದುದು ಮಾತ್ರ ನಡುಮಧ್ಯಾಹ್ನದಲ್ಲಿ! ಮನೆ ಮುಂದಿನ ಬೇವಿನ ಮರದ ಕಟ್ಟೆ, ತೊಡೆಯ ಮೇಲೆ ಮೊರ, ಮೊರದ ತುಂಬ ತೊಗರಿ ಬೇಳೆ. ಕೈ ಕಲ್ಲು ಆರಿಸುತ್ತಿತ್ತು, ಬಾಯಿ ರಾಜ್ಯ ಕಟ್ಟುತ್ತಿತ್ತು. ಸುತ್ತ ನಾವು ಓಣಿಯ ಹೆಣ್ಣುಮಕ್ಕಳು. "ರಾತ್ರಿ ಹೇಳ್ರಿ ಅಕ್ಕಾರ, ಜನ ಬೈತಾರ" ಎಂದು ಅಮ್ಮ ಅಂದರೆ ಅತ್ತಿಯ ಉತ್ತರ ಸಿದ್ಧವಿರುತ್ತಿತ್ತು.

"ನನ್ನ ಕಥಿ ಇರೂದೇ ನೆರಳಿಂದು. ರಾತ್ರಿ ನೆರಳ ಎಲ್ಲಿಂದ ತರ್ಲಿ?"

ನಿಜ, ಕಥೆ ನೆರಳಿನದೇ. ಅತ್ತಿಯ ರಾಜ್ಯದಲ್ಲಿ ಕೂಸು ಹುಟ್ಟಿದ ಕೂಡಲೇ ಅದರ ನೆರಳನ್ನು ಗುಡಿಯವರು ಒಯ್ದು ಒಂದು ಕೋಣೆಯಲ್ಲಿ ಇಟ್ಟುಬಿಡುತ್ತಿದ್ದರು. ದೇವರ ಹತ್ತಿರ ಜೋಪಾನವಾಗಿರಲಿ ಅಂತ! ನೆರಳಿಲ್ಲದವರು ಊರ ಅಗಸೆ ಬಾಗಿಲು ದಾಟುವಂತಿಲ್ಲ. ನೆಲ ನೋಡಿ ನಡೆಯುವಂತಿಲ್ಲ. ನೆರಳಿಲ್ಲದ ಜಾಗ ಕಣ್ಣಿಗೆ ಬಿದ್ದರೆ ಅಲ್ಲೇ ಸಾವು ಎಂದು ಗುಡಿಯ ಗುರುಗಳು ಸಾರಿದ್ದರು. ಹಾಗಾಗಿ ಇಡೀ ರಾಜ್ಯ ಗೋಣು ಮೇಲೆತ್ತಿಕೊಂಡೇ ತಿರುಗುತ್ತಿತ್ತು. ಎಡವುವುದೂ ಬೀಳುವುದೂ ಅಲ್ಲಿ ದಿನದ ಮಾತು. ಕೋಣೆಯ ಕೀಲಿಕೈ ಗುರುವಿನ ಸೊಂಟದಲ್ಲಿ, ಬಾಗಿಲ ಕಾವಲು ವಜೀರನ ಕೈಯಲ್ಲಿ. ಇಬ್ಬರೂ ಸೇರಿ ಪಟ್ಟಕ್ಕೆ ಕೂರಿಸಿದ್ದು ನಮ್ಮಷ್ಟೇ ವಯಸ್ಸಿನ ಒಬ್ಬ ರಾಣಿಯನ್ನು. ಸಣ್ಣ ಹುಡುಗಿ, ಹೇಳಿದಲ್ಲಿ ಮುದ್ರೆ ಒತ್ತುತ್ತಾಳೆ ಎಂಬ ಲೆಕ್ಕ. ಆದರೆ ಈ ಹುಡುಗಿಗೆ ತನ್ನ ನೆರಳು ಬೇಕಾಗಿತ್ತು.

ಅತ್ತಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ದರ್ಬಾರಿನ ಒಳಸಂಚು, ಮಸಲತ್ತು, ಸುಳ್ಳು ಫರ್ಮಾನು ಎಲ್ಲ ಅವಳಿಗೆ ಹೇಗೆ ಗೊತ್ತು ಎಂದು ನನಗೆ ಆಗ ಅನ್ನಿಸಲಿಲ್ಲ. ದೊಡ್ಡ ಕುಟುಂಬದ ಅಡುಗೆಮನೆಯಲ್ಲಿ ಬಾಳಿದವರಿಗೆ ಬೇರೆ ದರ್ಬಾರು ಬೇಕೇ?

ಪಕ್ಕದ ಮನೆಯ ಖಾಲಾ ಬಳೆ ಮಾರುತ್ತಿದ್ದಳು. ಬಳೆಯ ಬುಟ್ಟಿ ಇಳಿಸಿ ಅವಳೂ ಕಟ್ಟೆಯ ಮೇಲೆ ಕೂರುತ್ತಿದ್ದಳು. ಮೊದಮೊದಲು ಕಥೆಯಲ್ಲಿ ಸಂಚೆಲ್ಲ ವಜೀರನದೇ, ಗುರು ಪಾಪ ಏನೂ ಅರಿಯದವನು. ಒಂದು ದಿನ ಅವಳು ಎದ್ದೇಬಿಟ್ಟಳು.

"ಅಕ್ಕಾ, ಇದ್ಯಾತರ ಇನ್ಸಾಫ್? ಗುರು ಒಳ್ಳೇವ, ವಜೀರ ಒಬ್ಬನೇ ಹರಾಮಿ! ವಜೀರ ಅಂದ್ರ ನಮ್ಮಂವ ಅಂತ ಹಿಂಗ ಮಾಡಾಕತ್ತಿಯೇನು?"

ಅತ್ತಿ ಒಂದು ಕ್ಷಣ ಮೊರ ನಿಲ್ಲಿಸಿ ಯೋಚಿಸಿದಳು. ಮರುದಿನದಿಂದ ಗುರುವೂ ಕೆಟ್ಟವನಾದ! ಅದು ಅಪ್ಪನ ಕಿವಿಗೆ ಬಿತ್ತು. ಮಠಕ್ಕೆ ನಡೆದುಕೊಳ್ಳುವ ಮನೆಯ ಕಟ್ಟೆಯ ಮೇಲೆ ಗುರುನಿಂದೆಯೇ ಎಂದು ಅವನು ಹಾರಾಡಿದ. ಅತ್ತಿ ಶಾಂತವಾಗಿ ಹೇಳಿದಳು: "ದೇವರಿಗೆ ನಾ ಏನರೆ ಅಂದೇನೇನೋ? ದೇವರ ಬಾಗಿಲಾಗ ನಿಂತು ವ್ಯಾಪಾರ ಮಾಡೂವ್ರಿಗೆ ಅಂದೇನಿ. ಅವರು ಎಲ್ಲಾ ಕಡಿ ಅದಾರ." ಖಾಲಾ "ಬರೋಬ್ಬರಿ ಆತು ನೋಡು" ಎಂದು ಸಮಾಧಾನದಿಂದ ಬುಟ್ಟಿ ಹೊತ್ತು ಹೋದಳು. ನಮ್ಮ ಊರಿನಲ್ಲಿ ಎರಡೂ ಕಡೆಯವರಿಗೆ ಸಮನಾಗಿ ಸಿಟ್ಟು ತರಿಸಿದ ನ್ಯಾಯ ಅದೊಂದೇ.

ಆ ದಿನಗಳಲ್ಲೇ ಮಂಡಲ ಪಂಚಾಯತಿ ಬಂತು. ಓಣಿಗೊಬ್ಬ ನಾಯಕ ಎದ್ದ. ಅಪ್ಪನೂ ಎದ್ದ. ಅಷ್ಟರವರೆಗೆ ನಮ್ಮ ತಾಯಂದಿರೂ ಕಿವಿಗೊಡದಿದ್ದ ಕಥೆಗೆ ಈಗ ಗಂಡಸರು ಬಂದು ನಿಲ್ಲತೊಡಗಿದರು. ವಜೀರನೆಂದರೆ ತನ್ನ ಎದುರಾಳಿಯೇ ಎಂದು ಅಪ್ಪನಿಗೆ ಖಾತ್ರಿ. ವಜೀರನೆಂದರೆ ನಮ್ಮಪ್ಪನೇ ಎಂದು ಎದುರಾಳಿಗೂ ಖಾತ್ರಿ. ಅವನ ಕಡೆಯ ಒಬ್ಬ ಬೀಡಿ ಹಚ್ಚುವ ನೆಪದಲ್ಲಿ ಕಟ್ಟೆಗೆ ಒರಗಿ ಕೇಳಿದ: "ಅತ್ತೀ, ವಜೀರಗ ಆಖೀರಿಗೆ ಏನ್ ಆಗ್ತದ್ರಿ?"

"ಸೋಲ್ತಾನ" ಅಂದಳು ಅತ್ತಿ.

ಅಂದು ಊರಿನಲ್ಲಿ ಎರಡೂ ಪಾರ್ಟಿಗಳು ಬಾಯಿ ಸಿಹಿ ಮಾಡಿಕೊಂಡವು!

ಇಲ್ಲಿ ನನ್ನ ಸೋದರಮಾವನನ್ನು ತರಬೇಕು. ಅಮ್ಮನ ಈ ತಮ್ಮ ಅಫಜಲಪುರ ತಾಲೂಕಿನ ಅತನೂರಿನವನು. ಒಳ್ಳೆಯ ಮನುಷ್ಯ. ಒಂದೇ ಐಬು, ಗಾಲಿ ತಿರುಗಿತೆಂದರೆ ನಿದ್ದೆ. ಚಕ್ಕಡಿಯಾದರೂ ಸರಿ, ಬಸ್ಸಾದರೂ ಸರಿ. ನೆಲೋಗಿಯಲ್ಲಿ ಇಳಿಯುವುದನ್ನು ತಪ್ಪಿಸಿಕೊಂಡು ಜೇವರ್ಗಿಯಿಂದ ತಿರುಗಿ ಬರುವುದು ಅವನ ವಾಡಿಕೆ. ಬಂದವನೇ ಮೊದಲು ಕೇಳುತ್ತಿದ್ದುದು, "ಅಕ್ಕಾರ, ಇವತ್ತ ಮತ್ತ ಹಗಲು ಕಥಿ ಹೇಳೀರೇನ್ರಿ?" ಅತ್ತಿ ಅವನಿಗೆ ನೀರು ಕೊಟ್ಟು ನಗುತ್ತಿದ್ದಳು. ತನ್ನ ನಿದ್ದೆಗೆ ಒಂದು ಶಾಸ್ತ್ರದ ಆಧಾರ ಸಿಕ್ಕಿದ್ದು ಅವನಿಗೂ ಅನುಕೂಲವೇ ಆಗಿತ್ತು.

ನಾನು ಏಳನೇ ತರಗತಿ ಪಾಸಾದೆ. ಊರಿನಲ್ಲಿ ಶಾಲೆ ಅಲ್ಲಿಗೆ ಮುಗಿಯುತ್ತಿತ್ತು. ಮುಂದೆ ಓದಬೇಕೆಂದರೆ ಜೇವರ್ಗಿ, ಅಲ್ಲಿನ ಹಾಸ್ಟೆಲು. ನನಗೆ ಹೋಗಬೇಕೆಂದು ಪ್ರಾಣ ಹೋಗುವಷ್ಟು ಆಸೆ. ಆ ಹೊತ್ತಿಗೆ ಮಾವ ಒಂದು ಸುದ್ದಿ ತಂದ. ಭೀಮಾ ದಂಡೆಯ ದೊಡ್ಡ ಕುಳವೊಂದು ಮಗನಿಗೆ ಕನ್ಯೆ ನೋಡುತ್ತಿದೆ. ಅವರ ನೆಂಟರು ಜೇವರ್ಗಿಯಲ್ಲಿ ಪಾರ್ಟಿಯ ಟಿಕೆಟ್ ಹಂಚುವವರು. ಬೀಗರಾದರೆ ಅಪ್ಪನ ಟಿಕೆಟ್ ಗಟ್ಟಿ!

ಅಪ್ಪನ ಮುಖ ಬೆಳಗಿತು. "ಹುಡುಗಿ ಸಣ್ಣಾಕಿ ಆದ್ಳಲ್ರಿ" ಎಂದು ಅಮ್ಮ ಬಾಗಿಲ ಮರೆಯಿಂದ ಅಂದಳು. "ಈಗ ಬರೇ ನೋಡಿ ಹೋಗ್ತಾರ. ಮುಂದಿಂದು ಮುಂದ" ಎಂದ ಅಪ್ಪ. ನೋಡಿ ಹೋದ ಮೇಲೆ ಮುಂದಿನದು ಮುಂದೆ ಇರುವುದಿಲ್ಲ, ತಿಂಗಳೊಳಗೇ ಇರುತ್ತದೆ ಎಂಬುದು ಅಮ್ಮನಿಗೂ ಗೊತ್ತು, ಅತ್ತಿಗೂ ಗೊತ್ತು. ನನಗೆ ಗೊತ್ತಾದದ್ದು ನನ್ನ ಶಾಲೆಯ ಚೀಲವನ್ನು ಅಟ್ಟದ ಮೇಲೆ ಇಟ್ಟಾಗ. ನಾನು ಅತ್ತಿಯ ಸೆರಗಿನಲ್ಲಿ ಮುಖ ಹುದುಗಿಸಿ ಅತ್ತೆ. ಅವಳು ಸಮಾಧಾನ ಹೇಳಲಿಲ್ಲ. ಬರುವುದು ಯಾವತ್ತು, ಹಗಲೋ ಸಂಜೆಯೋ ಎಂದಷ್ಟೇ ಕೇಳಿದಳು.

ಅವರು ಬರುವವರಿದ್ದುದು ಹಗಲು, ಮಾವನ ಜೊತೆ.

ಆ ದಿನ ಬೆಳಗಿನಿಂದ ಮನೆ ತುಂಬ ಒಗ್ಗರಣೆಯ ವಾಸನೆ. ಅಮ್ಮ ನನಗೆ ದೊಡ್ಡವರ ಸೀರೆ ಸುತ್ತಿದ್ದಳು. ಅದನ್ನು ಎರಡು ಕೈಯಲ್ಲೂ ಎತ್ತಿ ಹಿಡಿದುಕೊಂಡೇ ನಡೆಯಬೇಕು. ಹಿಂದಿನ ದಿನ ಜೂನ್ ತಿಂಗಳ ಮಿರಗದ ಮಳೆ ಬಿದ್ದು ಎರೆಮಣ್ಣಿನ ದಾರಿಯೆಲ್ಲ ಅಂಟು. ಬಿಸಿಲು ನೆತ್ತಿಗೆ ಬಂದಾಗ ಅತ್ತಿ ಮೊರ ಹಿಡಿದು ಕಟ್ಟೆಗೆ ಹೋದಳು. ನನ್ನನ್ನು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಓಣಿಯ ಹುಡುಗಿಯರನ್ನೆಲ್ಲ ಹೆಸರು ಹಿಡಿದು ಕೂಗಿದಳು. ಊರಿಗೆಲ್ಲ ಕೇಳುವ ಹಾಗೆ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು: "ರಾಣಿ ಅಗಸಿ ಬಾಗಿಲಿಗೆ ಬಂದ್ಳು..."

ಅಪ್ಪ ಪಡಸಾಲೆಯಿಂದ ರುಮಾಲು ಸುತ್ತಿಕೊಳ್ಳುತ್ತಲೇ ಓಡಿ ಬಂದ. ಅರ್ಧ ರುಮಾಲು ತಲೆಯ ಮೇಲೆ, ಅರ್ಧ ನೆಲದ ಮೇಲೆ.

"ಅಕ್ಕಾ! ಬಾಯಿ ಮುಚ್ಚು! ಬೀಗರು ದಾರ್ಯಾಗ ಅದಾರ!"

"ಅದಕ್ಕ ಹೇಳಾಕತ್ತೇನಿ."

"ಕೈ ಮುಗೀತೇನಿ. ಸಂಜಿಗೆ ಬೇಕಾದಷ್ಟು ಹೇಳು. ಈಗ ಬ್ಯಾಡ."

ಅತ್ತಿ ಮೊರ ಕೆಳಗಿಟ್ಟಳು. ಆ ಧ್ವನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ಎರಡು ಮನಿ ಬದುವಿನ ಜಗಳ ಮುಗೀಲಿ ಅಂತ ನನ್ನ ಕೊಟ್ರು. ನಾ ಆಗ ಇಕೀಕಿಂತಾ ಸಣ್ಣಾಕಿ ಇದ್ದೆ. ಜಗಳ ಮುಗೀಲಿಲ್ಲ, ಗಂಡ ತೀರಿಹೋದ, ನಾ ಹೊಳ್ಳಿ ಬಂದೆ. ನನ್ನ ನೋಡಾಕ ಬಂದ ದಿನ ಈ ಕಟ್ಟಿ ಮ್ಯಾಲೆ ಹತ್ತು ಮಂದಿ ಹೆಣ್ಮಕ್ಕಳು ಕುಂತಿದ್ರೋ. ಒಬ್ಬಾಕೀನೂ ಒಂದು ಕಥಿ ಹೇಳ್ಲಿಲ್ಲ."

ಅಪ್ಪ ನೆಲದ ಮೇಲಿನ ಅರ್ಧ ರುಮಾಲನ್ನು ಎತ್ತಿಕೊಂಡ. ಅಕ್ಕನ ಮದುವೆಯಲ್ಲಿ ಅವನು ಇನ್ನೂ ಅವಳ ಸೊಂಟದ ಮೇಲೆ ಕೂರುವ ಕೂಸು. ಅಷ್ಟರಲ್ಲಿ ಅಮ್ಮ ಒಳಗಿನಿಂದ ಬಂದಳು. ಕೈಗೆ ಹಿಟ್ಟು ಮೆತ್ತಿಕೊಂಡಿತ್ತು. ದಾರಿಯಲ್ಲಿದ್ದುದು ಅವಳ ಒಡಹುಟ್ಟಿದ ತಮ್ಮ. ಅವಳು ನೇರ ಬಂದು ನಮ್ಮ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತಳು.

"ಮುಂದ ಹೇಳ್ರಿ ಅಕ್ಕಾರ" ಅಂದಳು.

ಅಂದು ಅತ್ತಿ ಹೇಳಿದಷ್ಟು ಹೊತ್ತು ಎಂದೂ ಹೇಳಿರಲಿಲ್ಲ. ರಾಣಿ ಗೋಣು ಮೇಲೆತ್ತಿ ಗುಡಿಯ ಮೆಟ್ಟಿಲು ಹತ್ತಿದಳು. ವಜೀರನ ಕಾವಲುಗಾರರನ್ನು ಗುರುವಿನ ಮೇಲೂ ಗುರುವಿನ ಶಿಷ್ಯರನ್ನು ವಜೀರನ ಮೇಲೂ ಎತ್ತಿಕಟ್ಟಿದಳು. ಕೀಲಿಕೈ ಕೈಗೆ ಬಂತು. ಬಾಗಿಲ ಮುಂದೆ ನಿಂತಳು. ಬಿಸಿಲು ಬೇವಿನ ಮರದ ಇನ್ನೊಂದು ಬದಿಗೆ ಸರಿಯಿತು. ಬೀಗರಿಗೆಂದು ಚುರುಮುರಿ ಒಗ್ಗರಿಸಿ ಮಾಡಿದ್ದ ಸುಸಲಾ ಆರಿ ಮೆತ್ತಗಾಯಿತು. ಬೀಗರು ಬರಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾವ ಒಬ್ಬನೇ ನಡೆದು ಬಂದ. ಮೊಣಕಾಲಿನವರೆಗೆ ಕೆಸರು. ಅಮ್ಮ ಅವನ ಮೈ ಮುಟ್ಟಿ ಮುಟ್ಟಿ ನೋಡಿ ಅತ್ತಳು. ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

ಜೀಪು ಹೊರಟ ಕೂಡಲೇ ಅವನಿಗೆ ನಿದ್ದೆ. ಡ್ರೈವರ್ ಹೊಸಬ. ನೆಲೋಗಿ ಕ್ರಾಸಿನಲ್ಲಿ ನಿಲ್ಲಿಸಿ ದಾರಿ ಕೇಳಿದ್ದಾನಂತೆ. ಅಲ್ಲಿನ ಸೈಕಲ್ ರಿಪೇರಿ ಅಂಗಡಿಯವನು, "ಆ ದಾರಿ ಹಿಡೀಬ್ಯಾಡ್ರಿ, ಗಾಲಿ ಹುಗೀತದ. ಹಿಂಗ ಹೋಗ್ರಿ" ಎಂದು ಕೈ ತೋರಿಸಿದ್ದಾನೆ. ಜೀಪು ಹೋಗಿ ಇಜೇರಿ ಎಂಬ ಬೇರೆಯೇ ಊರು ಸೇರಿದೆ. ಅಲ್ಲಿ ಒಂದು ಮನೆಯ ಮುಂದೆ ಸಾರಿಸಿ, ರಂಗೋಲಿ ಹಾಕಿ, ಜನ ದಾರಿ ಕಾಯುತ್ತ ನಿಂತಿದ್ದಾರೆ. ಅವರ ಮನೆಗೂ ಅಂದೇ ಕನ್ಯೆ ನೋಡುವವರು ಬರಬೇಕಾಗಿತ್ತು! ರುಮಾಲು ಸುತ್ತಿದ ಹಿರಿಯರು ಜೀಪಿನಿಂದ ಇಳಿದರೆ ಇನ್ನೇನು ಕೇಳುವುದು? ನಮ್ಮ ಕಡೆ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಚಹಾ, ಆಮೇಲೆ ಫಳಾರ. ಹೆಸರು, ಊರು ಕೇಳುವುದು ಅದೆಲ್ಲ ಆದ ಮೇಲೆ. ಮೊದಲೇ ಕೇಳಿದರೆ ಬಂದವರಿಗೆ ಅವಮಾನ. ಮಾವನಿಗೆ ಎಚ್ಚರವಾದಾಗ ಅವನು ಜಮಖಾನೆಯ ಮೇಲೆ ಕುಳಿತಿದ್ದ, ಕೈಯಲ್ಲಿ ಚಹಾದ ಬಸಿ ಇತ್ತು.

"ಹೇಳಬೇಕಿಲ್ಲೋ, ಇದು ನಮ್ಮ ಮನಿ ಅಲ್ಲ ಅಂತ!" ಅಪ್ಪ ಕೂಗಾಡಿದ.

"ಹೆಂಗ ಹೇಳೂದ್ರಿ ಭಾವ? ಆಗಲೇ ಚಹಾ ಕುಡದಿದ್ದೆ."

ಚಹಾ ಕುಡಿದ ಮೇಲೆ ಸುಸಲಾ ಬಂತು. ಸುಸಲಾ ತಿಂದ ಮೇಲೆ ಹುಡುಗಿ ಬಂದಳು. ಹುಡುಗ ನೋಡಿದ, ಒಪ್ಪಿದ! ನಿಜವಾಗಿ ಬರಬೇಕಾಗಿದ್ದವರು ಬರಲೇ ಇಲ್ಲವಂತೆ, ಅವರ ಗತಿ ಏನಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಂದು ನಮ್ಮ ಕಟ್ಟೆಯ ಮೇಲೆ ಹುಡುಗಿಯರು ಬಹಳ ಇದ್ದರು, ಎಲ್ಲರಿಗೂ ಒಬ್ಬೊಬ್ಬ ಸೋದರಮಾವ ಇದ್ದ.

ಕ್ರಾಸಿನ ಆ ಸೈಕಲ್ ಅಂಗಡಿಯವನು ನಮ್ಮ ಖಾಲಾಳ ಸ್ವಂತ ತಮ್ಮ. ಇದನ್ನು ನಾನು ಎಷ್ಟೋ ವರ್ಷಗಳ ಮೇಲೆ ಖಾಲಾಳ ಎದುರಿಗೆ ಎತ್ತಿದೆ. ಅವಳು ನನ್ನ ಕೈಗೆ ಬಳೆ ಏರಿಸುತ್ತಿದ್ದಳು. "ಅವ ಏನೋ ಕೈ ತೋರ್ಸಿರಬೇಕು ಬೇಟಿ. ಅಲ್ಲಾಗ ಗೊತ್ತು" ಎಂದು ಇನ್ನೊಂದು ಬಳೆ ಏರಿಸಿದಳು.

ನೋಡಿರಿ, ಅತ್ತಿಯ ರಾಜಕಾರಣ ತಿಳಿದದ್ದು ನನಗೆ ಆಗ! ಅಪ್ಪ ಆ ಸಂಬಂಧಕ್ಕಾಗಿ ಮತ್ತೆ ಓಡಾಡಬಹುದಿತ್ತು. ಓಡಾಡಲಿಲ್ಲ. ಊರಿನಲ್ಲಿ ಹಗಲು ಕಥೆಯನ್ನು ಎಲ್ಲರಿಗಿಂತ ಹೆಚ್ಚು ನಂಬುತ್ತಿದ್ದವನು ಅಪ್ಪನೇ. ದಾರಿ ತಪ್ಪಿದ ಸಂಬಂಧ ದಡ ಸೇರುವುದಿಲ್ಲ, ಅದು ಶಕುನ ಎಂದು ಕೈ ಬಿಟ್ಟ. ಬೇರೆ ಕಡೆಯಿಂದ ಬರುವವರೆಗೆ ಹುಡುಗಿ ಬೇಕಾದರೆ ಓದಿಕೊಂಡಿರಲಿ ಎಂದ. ಟಿಕೆಟ್ ಸಿಗಲಿಲ್ಲ. ಟಿಕೆಟ್ ಇಲ್ಲದೆಯೇ ನಿಂತು ಸೋತ, ಎದುರಾಳಿಯೂ ಸೋತ. ವಜೀರ ಸೋಲುತ್ತಾನೆಂದು ಅತ್ತಿ ಮೊದಲೇ ಹೇಳಿದ್ದಳಲ್ಲ!

"ಅತ್ತೀ, ಖರೇನಾ ಹಗಲು ಕಥಿ ಹೇಳಿದ್ರ ದಾರಿ ತಪ್ತಾರ?" ಎಂದು ಕೇಳಿದೆ ನಾನು. ಜೇವರ್ಗಿಗೆ ಹೋಗುವ ಬಸ್ಸಿನಲ್ಲಿ ಕುಳಿತಿದ್ದೆವು. ನನ್ನ ಟ್ರಂಕು ಅವಳ ಕಾಲ ಹತ್ತಿರ ಇತ್ತು.

"ನನಗೇನ್ ಗೊತ್ತು ಬೇ. ನಾ ಅದನ್ನೆಲ್ಲ ನಂಬಂಗಿಲ್ಲ. ನಿಮ್ಮಪ್ಪ ನಂಬ್ತಾನ, ಅಷ್ಟ ಸಾಕು."

ಆದರೆ ಇಜೇರಿಯ ವಿಷಯ ಅವಳನ್ನು ಬಿಟ್ಟಿರಲಿಲ್ಲ. ಮಾವ ಸುದ್ದಿ ಹೇಳಿದ ರಾತ್ರಿಯೇ ಅವಳು ರೊಟ್ಟಿ ಮುರಿದ ಕೈಯನ್ನು ತಡೆದು ಕೇಳಿದ್ದಳು, "ಆ ಹುಡುಗೀಗೆ ವಯಸ್ಸೆಷ್ಟೋ?" ಮಾವನಿಗೆ ಗೊತ್ತಿರಲಿಲ್ಲ. ಹುಡುಗಿ ತಲೆ ಎತ್ತಲಿಲ್ಲ, ತಾನೂ ನೋಡಲಿಲ್ಲ ಎಂದ. ಅತ್ತಿ ಊಟ ಬಿಟ್ಟು ಎದ್ದಳು. ತನ್ನ ಮನೆಯ ಕೂಸನ್ನು ಉಳಿಸಲು ಹೋಗಿ ಇನ್ನೊಬ್ಬರ ಕೂಸನ್ನು ಕೊಟ್ಟೆನೇ ಎಂಬ ಚಿಂತೆ ಅವಳನ್ನು ರಾತ್ರಿಯಿಡೀ ಮಲಗಗೊಡಲಿಲ್ಲ. ಮರುದಿನ ಯಾರಿಗೂ ಹೇಳದೆ ಇಜೇರಿಗೆ ಹೋದಳು. ಆ ಮನೆಯ ಕಟ್ಟೆಯ ಮೇಲೆ, ಯಾರ ಪರಿಚಯವೂ ಇಲ್ಲದೆ, ಸುಡುವ ಹಗಲಿನಲ್ಲಿ ಕುಳಿತು ಕಥೆ ಶುರುಮಾಡಿಯೇಬಿಟ್ಟಳು! ಅಲ್ಲಿಯೂ ಮೊದಲು ನೀರು ಬಂತು, ಚಹಾ ಬಂತು. ಯಾರೂ ಹೆಸರು ಕೇಳಲಿಲ್ಲ.

ಕೊನೆಗೆ ಒಳಗಿನಿಂದ ಒಬ್ಬ ಹೆಣ್ಣುಮಗಳು ಬಂದು ಅವಳ ಪಾದ ಹಿಡಿದಳಂತೆ. ಹಿಂದಿನ ದಿನ ಅವರು ನೋಡಿ ಒಪ್ಪಿದ ಹುಡುಗಿ ಅವಳೇ, ಇಪ್ಪತ್ತು ದಾಟಿದ, ಅಂಗನವಾಡಿಯಲ್ಲಿ ಕೆಲಸಕ್ಕಿದ್ದ ಹೆಣ್ಣು. ಬಂದು ಬಂದು ಬಿಟ್ಟುಹೋದ ಸಂಬಂಧಗಳನ್ನು ನೋಡಿ ಸಾಕಾದವಳು. "ಅತ್ತೀ, ನೀವ್ಯಾರು ನನಗ ಗೊತ್ತಾತ್ರಿ. ಅವರು ಇವತ್ತ ವೀಳ್ಯಕ್ಕ ಬರಾಕತ್ಯಾರ. ನಿಮ್ಮ ಕಾಲು ಬೀಳ್ತೇನಿ, ಕತ್ತಲಾದ ಮ್ಯಾಲೆ ಹೇಳ್ರಿ!"

ಅತ್ತಿ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳಂತೆ. ಅಂದು ಕತ್ತಲಾಗುವವರೆಗೂ ಅಲ್ಲೇ ತುಟಿ ಬಿಗಿದು ಕುಳಿತು, ವೀಳ್ಯ ಮುಗಿಸಿಯೇ ಮರುದಿನ ಊರಿಗೆ ಬಂದಳು. ಅವಳು ಅಷ್ಟು ನಿಶ್ಚಿಂತೆಯಿಂದ ಮಲಗಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ನಾನು ಓದಿದೆ. ಬೇರೆ ಕಡೆಯಿಂದ ಸಂಬಂಧ ಬಂದಾಗಲೆಲ್ಲ ಅತ್ತಿ ಮೊರ ಕೈಗೆತ್ತಿಕೊಳ್ಳುತ್ತಿದ್ದಳು, ಅಪ್ಪ ತಾನೇ ಪೋಸ್ಟ್ ಕಾರ್ಡು ಬರೆದು ಅವರಿಗೆ ಬರಬೇಡಿ ಅನ್ನುತ್ತಿದ್ದ. ಆಳಂದದ ಹೈಸ್ಕೂಲಿನಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿತು. ಕಥೆ ಮಾತ್ರ ರಾಣಿ ಬಾಗಿಲ ಮುಂದೆ ನಿಂತಲ್ಲೇ ನಿಂತಿತ್ತು. ರಜೆಗೆ ಬಂದಾಗಲೆಲ್ಲ ಕೇಳುತ್ತಿದ್ದೆ. "ಕೀಲಿಗೆ ತುಕ್ಕು ಹಿಡದದ, ಎಣ್ಣಿ ಹಾಕಾಕತ್ತಾಳ" ಎನ್ನುತ್ತಿದ್ದಳು.

ಎರಡು ಸಾವಿರದ ಐದರ ಸುಮಾರಿನ ಒಂದು ಬೇಸಿಗೆಯಲ್ಲಿ ಅತ್ತಿ ಹಾಸಿಗೆ ಹಿಡಿದಳು. ಕೂಡಲೇ ಬಾ ಎಂದು ಶಾಲೆಗೆ ಫೋನು ಬಂತು. ಆಳಂದದಿಂದ ಗುಲಬರ್ಗಾ, ಅಲ್ಲಿಂದ ಜೇವರ್ಗಿ, ಅಲ್ಲಿಂದ ನೆಲೋಗಿ. ಬಸ್ಸು ನಿಂತಲ್ಲೆಲ್ಲ ನನ್ನ ಜೀವವೂ ನಿಲ್ಲುತ್ತಿತ್ತು. ಮನೆ ಮುಟ್ಟಿದಾಗ ಉರಿಯುವ ಮಧ್ಯಾಹ್ನ. ಅವಳ ಹಾಸಿಗೆಯನ್ನು ಬೇವಿನ ಕಟ್ಟೆಗೇ ಹಾಕಿದ್ದರು. ಸುತ್ತ ನನ್ನ ತಮ್ಮನ ಮಕ್ಕಳು ಮುಖ ಊದಿಸಿಕೊಂಡು ಕುಳಿತಿದ್ದರು.

"ಅತ್ತೀ, ಆಯಿ ಮುಂಜಾನಿಂದ ಕಥಿ ಹೇಳವಲ್ಳು!" ಎಂದು ದೊಡ್ಡವಳು ನನ್ನ ಹತ್ತಿರ ದೂರಿದಳು. ಆ ಮಕ್ಕಳಿಗೆ ಅತ್ತಿ ನಾನು, ನಮ್ಮ ಅತ್ತಿ ಅವರಿಗೆ ಆಯಿ. "ದಿನಾ ಹೇಳ್ತಾಳ, ಇವತ್ತ ಬಾಯೇ ತೆರೆವಲ್ಳು. ನಿಮ್ಮತ್ತಿ ದಾರ್ಯಾಗ ಅದಾಳ, ಬ್ಯಾಡ ಅಂತಾಳ. ದಾರಿ ತಪ್ಪೂದು ಮಾವ ಅಲ್ಲೇನು ಆಯಿ ಅಂದ್ರ, ಮಾವ ತಪ್ಪಿದ್ರ ಅತ್ತಿ ಯಾಕ ತಪ್ಪಬಾರದು ಅಂತಾಳ!"

ನಾನು ಅತ್ತಿಯ ಪಕ್ಕ ಕುಳಿತು ಕೈ ಹಿಡಿದೆ. ಕೈಯಲ್ಲಿ ಎಲುಬಿನ ಹೊರತು ಏನೂ ಉಳಿದಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ, ನಗುವೂ ಬಂತು. "ಅತ್ತೀ, ನೀ ಅದನ್ನ ನಂಬಂಗಿಲ್ಲ ಅಂದಿದ್ದಿ."

"ನಂಬ್ತಿದ್ದಿಲ್ಲ" ಅಂದಳು. "ನೀ ದಾರ್ಯಾಗ ಇದ್ದಿ ಅಲಾ, ನಂಬಿದೆ."

ಸ್ವಲ್ಪ ನೀರು ಕುಡಿದಳು. ತಲೆಯ ಕೆಳಗೆ ಇನ್ನೊಂದು ದಿಂಬು ಇಡಿಸಿಕೊಂಡಳು. ನಾನು ಬಂದಾಗಿದೆ, ಇನ್ನು ಹೊರಗೆ ಅವಳವರು ಯಾರೂ ಇಲ್ಲ ಎಂಬುದನ್ನು ಒಬ್ಬೊಬ್ಬರ ಮುಖ ನೋಡಿ ಖಾತ್ರಿ ಮಾಡಿಕೊಂಡಳು. ಮಕ್ಕಳು ಹತ್ತಿರ ಸರಿದರು.

"ರಾಣಿ ಕೀಲಿ ತಿರುವಿದ್ಳು" ಎಂದು ಅತ್ತಿ ಶುರುಮಾಡಿದಳು. "ಬಾಗಿಲು ತೆರೀತು. ನೋಡ್ತಾಳ, ಕೋಣಿ ಖಾಲಿ. ಯಾರ ನೆರಳೂ ಅಲ್ಲಿ ಇಲ್ಲ. ಎಂದೂ ಇದ್ದೇ ಇಲ್ಲ. ಹೆದರಿ, ಹುಟ್ಟಿದ ಮ್ಯಾಲೆ ಮೊದಲನೇ ಸಲ, ರಾಣಿ ಕೆಳಗ ನೋಡಿದ್ಳು..."

ಬೇವಿನ ನೆರಳಿನಾಚೆ ಬಿಸಿಲು ಸುರಿಯುತ್ತಿತ್ತು. ಆ ಮಧ್ಯಾಹ್ನ ನೆಲೋಗಿಯ ದಾರಿಯಲ್ಲಿ ಯಾರಾದರೂ ದಾರಿ ತಪ್ಪಿದ್ದರೆ, ನಮ್ಮ ಅತ್ತಿಯನ್ನು ಕ್ಷಮಿಸಿರಿ. ನನ್ನನ್ನು ಮನೆ ಮುಟ್ಟಿಸಿಯೇ ಅವಳು ಬಾಯಿ ತೆರೆದಳು.